ಲಾ ಸೆರ್ ಎಸ್ಟೇಟಿನ ಮೂರನೇ ಟ್ಯಾಂಕ್

ಫೆಬ್ರವರಿ 13, ಮಂಗಳವಾರ, ಮಧ್ಯಾಹ್ನ 2.50ಕ್ಕೆ ಬಾಸ್ತಿಯಾ ಕೊರ್ವಿಯೆ ಎಂಬವನು ಓಬ್ರಗಾಸ್ ಊರಿನ ಪೊಲೀಸ್ ಠಾಣೆಯೊಳಗೆ ನುಗ್ಗಿದ. ನುಗ್ಗಿದ ಎಂದೇ ಹೇಳಬೇಕು. ಅವನ ಹಿಂದೆ ಬಾಗಿಲು ಗೋಡೆಗೆ ಬಡಿದು, ಹೊರಗಿನ ಬಡಗಣ ಗಾಳಿ ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ನೆಲಕ್ಕೆ ಚೆಲ್ಲಿತು. ಠಾಣಾಧಿಕಾರಿ ನಾದೆಜ್ ವಿದಾಲ್ ಕಾಗದಗಳನ್ನು ಎತ್ತಿಕೊಳ್ಳುತ್ತಲೇ ಕೂತುಕೊಳ್ಳಿ ಎಂದಳು. ಅವನು ಕೂರಲಿಲ್ಲ.

ಕೊರ್ವಿಯೆ ನಾಲ್ಕು ವರ್ಷದ ಹಿಂದೆ ಪ್ಯಾರಿಸ್ಸಿನಿಂದ ಬಂದು ಲಾ ಸೆರ್ ಎಸ್ಟೇಟನ್ನು ಕೊಂಡವನು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಆ ಎಸ್ಟೇಟಿಗೆ ಬೀಗ ಬಿದ್ದಿತ್ತು. ಹಳೆಯ ಒಡತಿ ಸತ್ತ ಮೇಲೆ ವಾರಸುದಾರರು ಜಗಳವಾಡಿಕೊಂಡು ಊರು ಬಿಟ್ಟಿದ್ದರು. ಕೊರ್ವಿಯೆ ಬಂದು ಛಾವಣಿ ಹಾಕಿಸಿದ, ಉಕ್ಕಿನ ಟ್ಯಾಂಕುಗಳನ್ನು ತರಿಸಿದ, ಮೂರು ಜಾತಿಯ ದ್ರಾಕ್ಷಿಯ ರಸ ಬೆರೆಸಿ ಒಂದು ಕೆಂಪು ವೈನ್ ಮಾಡಿದ. ಅದಕ್ಕೆ ‘ರೆವೆಯ್’, ಅಂದರೆ ‘ಎಚ್ಚರ’ ಎಂದು ಹೆಸರಿಟ್ಟ. ಎರಡು ವರ್ಷದಲ್ಲಿ ಅದರ ಹೆಸರು ಪತ್ರಿಕೆಗಳಲ್ಲಿ ಬರತೊಡಗಿತ್ತು.

ಅವನ ದೂರು ಹೀಗಿತ್ತು. ಅಂದು ಮಧ್ಯಾಹ್ನ 12.30ಕ್ಕೆ ಅವನು ವೈನ್ ಕೊಳ್ಳಲು ಬಂದಿದ್ದ ಒಬ್ಬ ಬೆಲ್ಜಿಯಂ ವ್ಯಾಪಾರಿಯನ್ನು ಊಟಕ್ಕೆ ಪೇಟೆಗೆ ಕರೆದೊಯ್ದಿದ್ದ. 2.20ಕ್ಕೆ ಇಬ್ಬರೂ ಮರಳಿದರು. ಮಾರನೆಯ ದಿನ ಮೂರೂ ಜಾತಿಯ ವೈನ್ ಬೆರೆಸುವುದಿತ್ತು. ಅದಕ್ಕೆ ಮೊದಲು ಮೂರನೇ ಟ್ಯಾಂಕಿನ ರುಚಿ ತೋರಿಸೋಣವೆಂದು ಗ್ಲಾಸು ಹಿಡಿದು ನಲ್ಲಿ ತಿರುಗಿಸಿದ. ಒಂದು ಹನಿಯೂ ಬರಲಿಲ್ಲ. ಎರಡು ಸಾವಿರದ ನಾಲ್ಕುನೂರು ಲೀಟರ್ ಇದ್ದ ಟ್ಯಾಂಕು ಬರಿದಾಗಿತ್ತು. ಹೊರಗೆ ಹೋಗಿ ನೋಡಿದರೆ ಕೆಳಗಿನ ಹಳ್ಳ ಸೇತುವೆಯವರೆಗೂ ಕೆಂಪಾಗಿತ್ತು.

“ಆ ಬೆಲ್ಜಿಯಂನವನ ಮುಂದೆ ಖಾಲಿ ಗ್ಲಾಸ್ ಹಿಡ್ಕೊಂಡು ನಿಂತೆ. ಯಾರು ಮಾಡಿದ್ದು ಅಂತ ನನಗೆ ಗೊತ್ತು. ಬರ್ಕೊಳ್ಳಿ. ಲಹ್ಸೆನ್.”

ಲಹ್ಸೆನ್ ಔಝಾಲ್, ವಯಸ್ಸು 38, ಮೊರಾಕೊದವನು. ಹನ್ನೊಂದು ವರ್ಷದಿಂದ ಈ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕೆಲಸ ಮಾಡುವವನು. ಕಳೆದ ನವೆಂಬರಿನಲ್ಲಿ ಮಾತಿಗೆ ಮಾತು ಬೆಳೆದು ಕೊರ್ವಿಯೆ ಅವನನ್ನು ಕೆಲಸದಿಂದ ತೆಗೆದಿದ್ದ. ಜಗಳ ಯಾವುದರ ಬಗ್ಗೆ ಎಂದು ನಾದೆಜ್ ಕೇಳಿದಳು. ಕೆಲಸಗಾರರ ಜಗಳ ಎಲ್ಲ ಒಂದೇ ಥರ ಎಂದ ಕೊರ್ವಿಯೆ.

ಪ್ರಥಮ ವರ್ತಮಾನ ವರದಿ 3.15ಕ್ಕೆ ದಾಖಲಾಯಿತು. 3.40ಕ್ಕೆ ನಾದೆಜ್ ಪೇದೆ ತಾಂಗಿಯನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು. ತಾಂಗಿ ಬ್ರಿಟನಿಯ ಕಡಲತೀರದವನು. ಮೀನಿನ ಬಗ್ಗೆ ಏನು ಕೇಳಿದರೂ ಹೇಳಬಲ್ಲ, ವೈನಿನ ಬಗ್ಗೆ ಏನೂ ತಿಳಿಯದು. ಅದಕ್ಕೇ ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದ. ಅವನ ಕೈಬರಹದ ಪಂಚನಾಮೆಯಲ್ಲಿ ಇದ್ದದ್ದು ಇಷ್ಟು:

ಟ್ಯಾಂಕುಗಳು ಒಟ್ಟು ನಾಲ್ಕು. ಒಂದು ಮತ್ತು ಎರಡರಲ್ಲಿ ಸಿರಾ ಜಾತಿಯ ದ್ರಾಕ್ಷಿಯ ವೈನ್, ನಾಲ್ಕರಲ್ಲಿ ಗ್ರೆನಾಶ್ ಜಾತಿಯದು. ಈ ಮೂರು ಟ್ಯಾಂಕುಗಳನ್ನೂ ಯಾರೂ ಮುಟ್ಟಿಲ್ಲ. ಮೂರನೆಯ ಟ್ಯಾಂಕಿನಲ್ಲಿ ಕರಿನ್ಯಾನ್ ಜಾತಿಯದು ಇತ್ತು, ಈಗ ಖಾಲಿ. ಅದರ ಕೆಳಗಿನ ದೊಡ್ಡ ನಲ್ಲಿ ಮುಚ್ಚಿದೆ. ಮೇಲಿನ ಮುಚ್ಚಳ ತೆರೆದಿದೆ. ಮುಂಬಾಗಿಲಿನ ಬೀಗಕ್ಕೆ ಗೀರೂ ಇಲ್ಲ. ನೆಲ ಒದ್ದೆ, ಆದರೆ ಕಲೆಯಿಲ್ಲ, ನೀರು ಬಿಟ್ಟು ತೊಳೆಯಲಾಗಿದೆ. ರಬ್ಬರ್ ಪೈಪನ್ನು ಸುತ್ತಿ ಗೋಡೆಯ ಗೂಟಕ್ಕೆ ನೇತುಹಾಕಲಾಗಿದೆ.

“ಮೇಡಂ, ಹಾಳು ಮಾಡೋಕೆ ಬಂದವನು ನೆಲ ಯಾಕೆ ತೊಳೀತಾನೆ?” ಎಂದ ತಾಂಗಿ.

ಹೆಜ್ಜೆ ಗುರುತು ಅಳಿಸಲಿಕ್ಕೆ ಎಂದಳು ನಾದೆಜ್. ಹಾಗೆ ಹೇಳಿದ್ದು ತಪ್ಪಾಯಿತೆಂದು ಅವಳಿಗೆ ಅರಿವಾದದ್ದು ಮರುದಿನ.

ಬ್ರೆಡ್ ಮಾರುವ ವ್ಯಾನಿನ ಹೆಂಗಸು 1.05ರ ಹೊತ್ತಿಗೆ ಎಸ್ಟೇಟಿನ ದಾರಿಯಲ್ಲಿ ಲಹ್ಸೆನ್‌ನ ಮೊಪೆಡ್ ನೋಡಿದ್ದೆ ಎಂದಳು. ಅಷ್ಟೇ ಸಾಕಾಯಿತು. ಸಂಜೆ 5.40ಕ್ಕೆ ಪಕ್ಕದ ತೋಟದಲ್ಲಿ ಕೆಲಸದಲ್ಲಿದ್ದ ಲಹ್ಸೆನ್‌ನನ್ನು ಠಾಣೆಗೆ ಕರೆತಂದರು. ಪ್ರಾಸಿಕ್ಯೂಟರಿಗೆ ಫೋನಿನಲ್ಲಿ ತಿಳಿಸಿ ಇಪ್ಪತ್ತನಾಲ್ಕು ಗಂಟೆಯ ವಶಕ್ಕೆ ತೆಗೆದುಕೊಂಡರು.

ಅವನು ಹೆಸರು, ವಿಳಾಸ ಹೇಳಿದ. ಆ ದಾರಿಯಲ್ಲಿ ಹೋಗಿದ್ದು ನಿಜ, ಮನೆಗೆ ಊಟಕ್ಕೆ ಹೋಗುತ್ತಿದ್ದೆ ಎಂದ. ದಾರಿಯಲ್ಲಿ ಯಾರನ್ನಾದರೂ ನೋಡಿದಿರಾ ಎಂಬ ಪ್ರಶ್ನೆಗೆ ಇಲ್ಲವೆಂದ. ಅದೇ ಪ್ರಶ್ನೆಯನ್ನು ನಾದೆಜ್ ಮೂರು ಸಲ ಬೇರೆ ಬೇರೆ ಥರ ಕೇಳಿದಳು. ಮೂರನೆಯ ಸಲ ಅವನು ಕಿಟಕಿಯ ಕಡೆ ನೋಡುತ್ತ, “ನನಗೇನೂ ಕಾಣಲಿಲ್ಲ. ಬರ್ಕೊಂಡು ಬೀಗ ಹಾಕಿ,” ಎಂದ. ವಕೀಲರು ಬೇಕೆ ಎಂದರೆ ಬೇಡವೆಂದ. ಮನೆಗೆ ಫೋನ್ ಮಾಡಿ ಹೆಂಡತಿಯೊಡನೆ ಎರಡೇ ಮಾತು ಆಡಿ ಫೋನ್ ಇಟ್ಟ.

ಬುಧವಾರ ಬೆಳಿಗ್ಗೆ 8.10ಕ್ಕೆ ನಾದೆಜ್ ಪಂಚನಾಮೆಯನ್ನು ಮತ್ತೊಮ್ಮೆ ಓದಿದಳು. ‘ಮೇಲಿನ ಮುಚ್ಚಳ ತೆರೆದಿದೆ’ ಎಂಬ ಸಾಲಿನ ಮೇಲೆ ಅವಳ ಬೆರಳು ನಿಂತಿತು.

ಅವಳ ಅಪ್ಪ ಸಹಕಾರ ಸಂಘದ ವೈನ್ ಉಗ್ರಾಣದಲ್ಲಿ ಮೂವತ್ತು ವರ್ಷ ದುಡಿದವನು. ಒಮ್ಮೆ ಹೊಸದಾಗಿ ಸೇರಿದವನೊಬ್ಬ ಮುಚ್ಚಳ ತೆಗೆಯದೆ ಕೆಳಗಿನ ನಲ್ಲಿ ಬಿಟ್ಟಿದ್ದ. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ಅಷ್ಟೆತ್ತರದ ಉಕ್ಕಿನ ಟ್ಯಾಂಕು ಹಿಂಡಿದ ಡಬ್ಬದಂತೆ ಒಳಕ್ಕೆ ಕುಸಿದಿತ್ತು. ಅಪ್ಪ ಅದನ್ನು ನೋಡಲೆಂದೇ ಅವಳನ್ನು ಕರೆದೊಯ್ದಿದ್ದ.

ಲಾ ಸೆರ್‌ನಲ್ಲಿ ಯಾರೋ ಏಣಿ ಹತ್ತಿ, ಮೊದಲು ಮುಚ್ಚಳ ತೆಗೆದು, ಆಮೇಲೆ ನಲ್ಲಿ ಬಿಟ್ಟಿದ್ದರು. ವೈನ್ ಚೆಲ್ಲಬೇಕಿತ್ತು, ಟ್ಯಾಂಕು ಕೆಡಬಾರದಿತ್ತು.

ಅವಳು ಲಹ್ಸೆನ್‌ನನ್ನು ಕರೆಸಿದಳು. ಕಾಫಿ ತರಿಸಿಕೊಟ್ಟಳು. ಅವನು ಮುಟ್ಟಲಿಲ್ಲ.

“ವೈನ್ ಉಗ್ರಾಣದಲ್ಲಿ ಯಾವತ್ತಾದ್ರೂ ಕೆಲಸ ಮಾಡಿದ್ದೀರಾ?”

“ಇಲ್ಲ. ನಮ್ಮನ್ನು ಒಳಗೆ ಬಿಡಲ್ಲ. ನಾವು ಗಿಡದವರು.”

“ತುಂಬಿದ ಟ್ಯಾಂಕು ಖಾಲಿ ಮಾಡ್ಬೇಕು. ಮೊದಲು ಏನ್ ಮಾಡ್ತೀರಿ?”

“ಕೆಳಗಿನ ನಲ್ಲಿ ತಿರುಗಿಸ್ತೀನಿ.”

“ಅದಕ್ಕೂ ಮೊದಲು?”

“ಅದಕ್ಕೂ ಮೊದಲೇನಿದೆ? ಬಿಸ್ಮಿಲ್ಲಾ ಅಂತೀನಿ.” ಅವನು ಮೊದಲ ಸಲ ಅವಳ ಮುಖ ನೋಡಿದ. “ಆಮೇಲೆ ಇಲ್ಲೇ ಬಂದು ಕೂರ್ತೀನಿ. ಹೆಂಗೂ ನನ್ನನ್ನೇ ಹಿಡೀತೀರಲ್ಲ.”

ನಾದೆಜ್‌ಗೆ ಮುಖ ಬಿಸಿಯಾಯಿತು. ಸಿಟ್ಟು ಅವನ ಮೇಲಲ್ಲ. ಒಬ್ಬನ ಬಾಯಿಮಾತು, ಒಂದು ಮೊಪೆಡ್, ಇಷ್ಟರ ಮೇಲೆ ಒಬ್ಬ ಮನುಷ್ಯನನ್ನು ರಾತ್ರಿಯೆಲ್ಲ ಕೂಡಿಹಾಕಿ ತಾನು ಮನೆಗೆ ಹೋಗಿ ಮಲಗಿದ್ದಳು. ಕೊರ್ವಿಯೆ ಈ ಊರಲ್ಲೇ ಹುಟ್ಟಿ ಬೆಳೆದ ಯಾರನ್ನಾದರೂ ಬೆರಳು ಮಾಡಿ ತೋರಿಸಿದ್ದರೆ ಎರಡು ಸಲ ಯೋಚಿಸುತ್ತಿದ್ದಳೇನೋ. ಅವಳು ಪ್ರಾಸಿಕ್ಯೂಟರಿಗೆ ಫೋನ್ ಮಾಡಿದಳು. ಬೆಳಿಗ್ಗೆ 9.35ಕ್ಕೆ ಲಹ್ಸೆನ್‌ನನ್ನು ಬಿಟ್ಟರು. ಕ್ಷಮಿಸಿ ಎಂದಳು. ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತ, “ನವೆಂಬರ್‌ನಲ್ಲಿ ಜಗಳ ಯಾಕಾಯ್ತು ಅಂತ ಅವನನ್ನು ಕೇಳಿದ್ರಾ? ಕೇಳಿ,” ಎಂದಷ್ಟೇ ಹೇಳಿ ಹೊರಟ.

10.20ಕ್ಕೆ ನಾದೆಜ್ ಮತ್ತು ತಾಂಗಿ ಮತ್ತೆ ಎಸ್ಟೇಟಿಗೆ ಹೋದರು. ಈ ಸಲ ಅವಳು ಗೋಡೆಯುದ್ದಕ್ಕೂ ನಡೆದು ನೋಡಿದಳು. ಹಿಂಬದಿಯಲ್ಲಿ ಖಾಲಿ ಪೆಟ್ಟಿಗೆಗಳ ರಾಶಿಯ ಹಿಂದೆ ಒಂದು ಗಿಡ್ಡ ಬಾಗಿಲಿತ್ತು. ಹಳೆಯ ಕಬ್ಬಿಣದ ಬೀಗ. ತಾಂಗಿ ಬೀಗದ ತೂತಿಗೆ ಬೆರಳಿಟ್ಟು ತೆಗೆದ. ತುದಿಗೆ ಹೊಸ ಎಣ್ಣೆ ಹತ್ತಿತ್ತು.

ಕೊರ್ವಿಯೆ ಬಂದು ನೋಡಿದ. ಆ ಬಾಗಿಲಿನ ಕೀಲಿಕೈ ತಾನು ಕೊಳ್ಳುವಾಗಲೇ ಇರಲಿಲ್ಲ, ಕಳೆದುಹೋಗಿದೆ ಎಂದು ವಾರಸುದಾರರು ಹೇಳಿದ್ದರು ಎಂದ. ಲಹ್ಸೆನ್‌ನನ್ನು ಬಿಟ್ಟ ಸುದ್ದಿ ಕೇಳಿ ಅವನ ದನಿ ಏರಿತು. ಜಿಲ್ಲಾಧಿಕಾರಿಗೆ ಬರೆಯುತ್ತೇನೆ ಎಂದ. ನಾದೆಜ್ ಅವನು ಮುಗಿಸುವವರೆಗೂ ಕಾದಳು.

“ಮೂರನೇ ಟ್ಯಾಂಕೇ ಯಾಕೆ?”

“ಯಾಕೆಂದ್ರೆ ಅದೇ ವೈನಿನ ಬೆನ್ನೆಲುಬು. ಸಿರಾ ಯಾರು ಬೇಕಾದ್ರೂ ಬೆಳೀತಾರೆ. ಆ ಕರಿನ್ಯಾನ್ 1911ರಲ್ಲಿ ನೆಟ್ಟ ಗಿಡಗಳದ್ದು. ಅದಿಲ್ಲದೆ ‘ರೆವೆಯ್’ ಇಲ್ಲ.”

“ನವೆಂಬರ್‌ನಲ್ಲಿ ಲಹ್ಸೆನ್ ಜೊತೆ ಜಗಳ ಯಾವುದಕ್ಕೆ?”

ಆ ಕರಿನ್ಯಾನ್ ಗಿಡಗಳಿರುವ ಮೂರು ಎಕರೆಯಲ್ಲಿ ಈ ಚಳಿಗಾಲ ಕಡ್ಡಿ ಸವರುವುದು ಬೇಡ ಎಂದು ಹೇಳಿದ್ದೆ, ಅವನು ಎದುರು ಮಾತಾಡಿದ ಎಂದ ಕೊರ್ವಿಯೆ. ಯಾಕೆ ಸವರುವುದು ಬೇಡ ಎಂದು ಕೇಳಿದ್ದಕ್ಕೆ, ಅದು ತೋಟದ ಆಡಳಿತದ ವಿಷಯ, ಪೊಲೀಸರಿಗೆ ಸಂಬಂಧವಿಲ್ಲ ಎಂದುಬಿಟ್ಟ.

ಸಂಬಂಧ ಏನೆಂಬುದು 11.30ಕ್ಕೆ ಊರಿನ ಪುರಸಭೆಯಲ್ಲಿ ತಿಳಿಯಿತು. ಅಲ್ಲಿನ ಗುಮಾಸ್ತೆ ಕಪಾಟಿನಿಂದ ಒಂದು ಕಡತ ತೆಗೆದು ಮೇಜಿನ ಮೇಲಿಟ್ಟಳು. ಲಾ ಸೆರ್ ಎಸ್ಟೇಟಿನ ಮೂರು ಎಕರೆ ಹಳೆಯ ಕರಿನ್ಯಾನ್ ಗಿಡಗಳನ್ನು ಮಾರ್ಚ್ 4ರಂದು ಬುಡಸಮೇತ ಕೀಳಿಸಿ, ಯಂತ್ರದಲ್ಲಿ ಕೊಯ್ಯಬಹುದಾದ ಹೊಸ ಸಿರಾ ಗಿಡ ನೆಡುವುದಾಗಿ ಕೊರ್ವಿಯೆ ಕೊಟ್ಟ ಅರ್ಜಿ. ಎಲ್ಲ ಕ್ರಮಬದ್ಧವಾಗಿತ್ತು. ಒಪ್ಪಿಗೆಯ ಮುದ್ರೆ ಬಿದ್ದಿತ್ತು.

ಆ ಹಿಂಬಾಗಿಲಿನ ಕೀಲಿಕೈ ಹಿಂದೆ ಯಾರ ಹತ್ತಿರ ಇರುತ್ತಿತ್ತು ಎಂದು ನಾದೆಜ್ ಕೇಳಿದಳು. ಗುಮಾಸ್ತೆ ಯೋಚಿಸಲಿಲ್ಲ. ಉಗ್ರಾಣ ನೋಡಿಕೊಳ್ಳುತ್ತಿದ್ದ ಫಿರ್ಮಾ ಕಬಾನೆಲ್ ಹತ್ತಿರ, ಅವನು ತೀರಿಕೊಂಡು ಹದಿನೈದು ವರ್ಷವಾಯಿತು ಎಂದಳು. ಹೇಳಿದ ಮೇಲೆ ಅವಳ ಮುಖ ಬಿಳಿಚಿತು.

“ನಾನು ಏನೂ ಹೇಳಿಲ್ಲ ಅಂತ ತಿಳ್ಕೊಳ್ಳಿ,” ಎಂದಳು.

“ಹೇಳಿದ್ದೀರಿ. ಪೂರ್ತಿ ಹೇಳಿಬಿಡಿ.”

ಫಿರ್ಮಾನ ಹೆಂಡತಿ ಯುಲಾಲಿ ಕಬಾನೆಲ್‌ಗೆ ಈಗ ಎಪ್ಪತ್ತೊಂದು. ಮದುವೆಯಾದಾಗಿನಿಂದ ಗಂಡ ಉಗ್ರಾಣದಲ್ಲಿ, ಹೆಂಡತಿ ತೋಟದಲ್ಲಿ. ಸುಗ್ಗಿ ಮುಗಿದ ಮೇಲೆ ಅವಳೂ ಟ್ಯಾಂಕು ತೊಳೆಯಲು ಒಳಗೆ ಹೋಗುತ್ತಿದ್ದಳು. ಎಸ್ಟೇಟಿಗೆ ಬೀಗ ಬಿದ್ದ ಮೇಲೆ ಇಬ್ಬರಿಗೂ ಕೆಲಸ ಹೋಯಿತು. ಆದರೂ ಆ ಜನವರಿಯಲ್ಲಿ ಯುಲಾಲಿ ಕತ್ತರಿ ಹಿಡಿದು ಬೇಲಿ ದಾಟಿ ಹಳೆಯ ಕರಿನ್ಯಾನ್ ಸಾಲಿಗೆ ಹೋದಳು. ಮುಂದಿನ ಜನವರಿಯಲ್ಲೂ ಹೋದಳು. ಗಂಡ ಸತ್ತ ವರ್ಷವೂ ಹೋದಳು. ಯಾರೂ ಕೂಲಿ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಹಣ್ಣನ್ನು ಕೊಯ್ಯುವ ಹಕ್ಕು ಅವಳಿಗಿರಲಿಲ್ಲ. ಹಕ್ಕಿಗಳು, ಕಾಡುಹಂದಿಗಳು ತಿಂದವು. ಅವಳು ಕಡ್ಡಿ ಸವರಿ, ಬುಡ ಅಗೆದು, ಸತ್ತ ಗಿಡದ ಜಾಗಕ್ಕೆ ಪಕ್ಕದ ಗಿಡದ ಕೊಂಬೆ ಬಗ್ಗಿಸಿ ಬೇರು ಬರಿಸಿ, ಮನೆಗೆ ಬರುತ್ತಿದ್ದಳು. ಹತ್ತೊಂಬತ್ತು ಚಳಿಗಾಲ.

“ಊರಿಗೆಲ್ಲ ಗೊತ್ತು,” ಎಂದಳು ಗುಮಾಸ್ತೆ. “ಆ ಪ್ಯಾರಿಸ್‌ನವನ ಕಾಗದಗಳಿಗೆ ಮಾತ್ರ ಗೊತ್ತಿಲ್ಲ.”

ಮೇಜಿನ ಮೇಲೆ ಎಸ್ಟೇಟಿನ ಬಣ್ಣದ ಪುಸ್ತಿಕೆ ಬಿದ್ದಿತ್ತು. ನಾದೆಜ್ ಓದಿದಳು. ‘ಇಪ್ಪತ್ತು ವರ್ಷ ಮನುಷ್ಯರ ಸುಳಿವಿಲ್ಲದೆ ಸತ್ತುಹೋಗಿದ್ದ ನೆಲವನ್ನು ನಾನು ನನ್ನ ಎರಡು ಕೈಗಳಿಂದ ಎಬ್ಬಿಸಿದೆ.’ ಅವಳು ಅದನ್ನು ಮಡಚಿ ಸಾಕ್ಷ್ಯದ ಲಕೋಟೆಗೆ ಹಾಕಿದಳು. ಕೇಸಿಗೆ ಅದು ಬೇಕಿತ್ತೋ ಇಲ್ಲವೋ, ಅಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲ.

ಯುಲಾಲಿ ಮನೆಯಲ್ಲಿರಲಿಲ್ಲ. ಪ್ರಾಸಿಕ್ಯೂಟರ್ ಶೋಧಕ್ಕೆ ಒಪ್ಪಿಗೆ ಕೊಟ್ಟದ್ದು ಸಂಜೆಗೆ. ಗುರುವಾರ, ಫೆಬ್ರವರಿ 15, ಬೆಳಿಗ್ಗೆ 10.40ಕ್ಕೆ ಅವಳು ಸಿಕ್ಕಿದ್ದು ತೋಟದಲ್ಲಿ. ಹದಿನೆಂಟು ದಿನ ಕಳೆದರೆ ಯಂತ್ರ ಬಂದು ಕೀಳಲಿದ್ದ ಗಿಡಗಳನ್ನು ಅವಳು ಸವರುತ್ತಿದ್ದಳು. ಗಿಡಗಳು ಮೊಣಕಾಲೆತ್ತರ, ತೊಡೆಯಷ್ಟು ದಪ್ಪ, ಕಪ್ಪು. ಗಾಳಿಗೆ ಬೆನ್ನು ಕೊಟ್ಟು ಬಗ್ಗಿದ್ದ ಅವಳು ತಲೆಯೆತ್ತಲಿಲ್ಲ.

“ಬಾ ಮಗಳೇ. ನಿನ್ನೆಯೇ ಬರ್ತೀಯ ಅಂದ್ಕೊಂಡಿದ್ದೆ. ಲಹ್ಸೆನ್‌ಗೆ ಹೊಡೆದ್ರಾ?”

“ಇಲ್ಲ. ನಾವು ಹೊಡೆಯಲ್ಲ.”

“ಒಂದು ರಾತ್ರಿ ಕೂಡಿಹಾಕಿದ್ರಲ್ಲ, ಅದೇನು ಕಮ್ಮಿಯಾ? ನನಗೆ ಬುಧವಾರ ಬೆಳಗ್ಗೆ ಗೊತ್ತಾಯ್ತು. ನಿನ್ನ ಹತ್ರ ಬರೋಣ ಅಂತ ಬಸ್ಸಿಗೆ ಕಾಯ್ತಿದ್ದೆ. ಅಷ್ಟರಲ್ಲಿ ಅವನೇ ಎದುರು ಬಂದ. ‘ಮನೆಗೆ ಹೋಗಿ ದೊಡ್ಡಮ್ಮ, ನಾನೇನೂ ಹೇಳಿಲ್ಲ’ ಅಂದ. ನನ್ನನ್ನು ನೋಡಿದ್ದ ಅವತ್ತು. ಬೂಟಿನಿಂದ ನೀರು ಸೋರ್ತಾ ಇತ್ತು, ಹಿಂಬಾಗಿಲಿಂದ ಬರ್ತಿದ್ದೆ. ಸವರೋದು ಕಲಿಸಿದವಳು ನಾನು, ಅದಕ್ಕೆ ಬಾಯಿ ಮುಚ್ಕೊಂಡ. ಮುಠ್ಠಾಳ.”

ನಾದೆಜ್ ಕಾನೂನಿನ ಪ್ರಕಾರ ಹೇಳಬೇಕಾದ್ದನ್ನು ಹೇಳಿದಳು: ಯಾವ ಆರೋಪ, ಏನೇನು ಹಕ್ಕು, ವಕೀಲರು ಬರುವವರೆಗೆ ಮಾತಾಡಬೇಕಾಗಿಲ್ಲ. ಯುಲಾಲಿ ಕೇಳಿಸಿಕೊಂಡು ಕತ್ತರಿಯ ಬಾಯಿ ಮುಚ್ಚಿ ಕೊಕ್ಕೆ ಹಾಕಿದಳು.

“ಮುಚ್ಚಳ ಯಾಕೆ ತೆಗೆದ್ರಿ?” ಎಂದು ಕೇಳಿದವನು ತಾಂಗಿ. ಅವನಿಗೆ ತಡೆಯಲಾಗಿರಲಿಲ್ಲ.

“ಟ್ಯಾಂಕು ನನಗೇನು ಮಾಡಿತ್ತಪ್ಪ?”

“ನೆಲ ತೊಳೆದದ್ದು?”

“ಕೆಲಸ ಮುಗಿದ ಮೇಲೆ ನೆಲ ತೊಳೀದೆ ಯಾರಾದ್ರೂ ಬರ್ತಾರಾ? ನಿಮ್ಮೂರಲ್ಲಿ ಬರ್ತಾರೇನು?”

ಕೈಗೆ ಬೇಡಿ ಹಾಕಲಿಲ್ಲ. ಬಂಧನದ ಸಮಯ 10.55 ಎಂದು ದಾಖಲಾಯಿತು. ಮನೆಯ ಅಡುಗೆಕೋಣೆಯ ಮೊಳೆಯಲ್ಲಿ ನೇತಾಡುತ್ತಿದ್ದ ಕಬ್ಬಿಣದ ಕೀಲಿಕೈಯನ್ನು ಅವಳೇ ತೆಗೆದುಕೊಟ್ಟಳು.

ಠಾಣೆಯಲ್ಲಿ, ವಕೀಲೆಯ ಎದುರಿನಲ್ಲಿ, ಅವಳು ಹೇಳಿಕೆ ಕೊಟ್ಟಳು. ಆ ಪುಸ್ತಿಕೆಯ ಮಾತಿಗೆ ತನಗೆ ಸಿಟ್ಟು ಬಂದಿರಲಿಲ್ಲ ಎಂದಳು. ಆಮೇಲೆ, ಬಂದಿತ್ತು, ಆದರೆ ನುಂಗಿಕೊಂಡಿದ್ದೆ ಎಂದು ತಿದ್ದಿದಳು. ಗಿಡ ಬದುಕಿದರೆ ಸಾಕು, ಯಾರ ಹೆಸರಿದ್ದರೇನು ಎಂದುಕೊಂಡಿದ್ದಳು. ಕೊರ್ವಿಯೆ ಬಂದಾಗ ಸಂತೋಷಪಟ್ಟವಳೂ ತಾನೇ ಎಂದಳು. ಯಾವ ಸಾಲಿನಲ್ಲಿ ನೀರು ನಿಲ್ಲುತ್ತದೆ, ಸವರುವಾಗ ಯಾವ ಗಿಡದ ಕಡ್ಡಿಯಲ್ಲಿ ಎಷ್ಟು ಚಿಗುರುಕಣ್ಣು ಉಳಿಸಬೇಕು, ಎಲ್ಲ ಕೈಹಿಡಿದು ತೋರಿಸಿದ್ದಳು. ನಾಲ್ಕು ಸುಗ್ಗಿ ಅವನ ಜೊತೆಗಿದ್ದಳು.

ಸೋಮವಾರ, ಫೆಬ್ರವರಿ 12ರಂದು ಕೊರ್ವಿಯೆ ಅವಳನ್ನು ಕರೆದು, ಮುದ್ರಣಾಲಯದಿಂದ ಆಗತಾನೇ ಬಂದಿದ್ದ ಲೇಬಲ್ ತೋರಿಸಿದ. ಕಪ್ಪು ಕಾಗದದ ಮೇಲೆ ಬಂಗಾರದ ಅಕ್ಷರ: ‘ರೆವೆಯ್. 1911ರ ಗಿಡಗಳ ಕೊನೆಯ ಕೊಯ್ಲು.’

“ಕೊನೆಯದು ಅಂದ್ರೇನು ಅಂತ ಕೇಳಿದೆ,” ಎಂದಳು ಯುಲಾಲಿ. “ಕೀಳಿಸ್ತಿದ್ದೀನಿ ಅಂದ. ಇಳುವರಿ ಇಲ್ಲ, ಬೆನ್ನು ಬಗ್ಗಿಸಿ ಕೊಯ್ಯೋರು ಸಿಗಲ್ಲ ಅಂದ. ಅದು ಸುಳ್ಳಲ್ಲ. ಆಮೇಲೆ ಆ ಚೀಟಿ ನನ್ನ ಕೈಗೆ ಕೊಟ್ಟು, ಚೆನ್ನಾಗಿ ಬಂದಿದೆಯಾ ನೋಡಿ ಅಂದ. ಗಿಡ ಇನ್ನೂ ನೆಲದಲ್ಲಿದೆ ಮಗಳೇ. ಅದರ ಸಾವಿನ ಚೀಟಿಗೆ ಬಂಗಾರ ಬಳಿಸಿ, ಚೆನ್ನಾಗಿದೆಯಾ ಅಂತ ನನ್ನನ್ನೇ ಕೇಳಿದ.”

ಅವಳ ದನಿ ಏರಲಿಲ್ಲ. ಕೊರ್ವಿಯೆಯೇ ಎದುರಿಗಿದ್ದಾನೆ ಎಂಬಂತೆ ಮಾತಾಡಿದಳು.

“ಕೀಳು. ನಿನ್ನ ನೆಲ, ಕೀಳು. ಕಿತ್ತಿದ್ದನ್ನೂ ಮಾರ್ತೀಯಾ? ಅದು ಆಗಲ್ಲ. ಆ ವೈನನ್ನು ಹಳ್ಳ ಕುಡೀಲಿ.”

ನಾದೆಜ್ ಅಕ್ಷರ ಬಿಡದೆ ಬರೆದುಕೊಂಡಳು. ಪಶ್ಚಾತ್ತಾಪ ಇದೆಯೇ ಎಂದು ಕೇಳುವುದು ನಿಯಮ, ಕೇಳಿದಳು. ಲಹ್ಸೆನ್‌ಗೆ ಆದದ್ದಕ್ಕೆ ಇದೆ, ಅಂದಳು ಯುಲಾಲಿ. ಬೇರೆ ಯಾವುದಕ್ಕೂ ಇಲ್ಲ ಎಂದು ಬರೆಯಲು ಹೇಳಿದಳು. ವಕೀಲೆ ಅವಳ ತೋಳು ಮುಟ್ಟಿದಳು. ಅವಳು ಸಹಿ ಹಾಕಿದಳು.

ಸಂಜೆ 4ಕ್ಕೆ ಕೊರ್ವಿಯೆಯನ್ನು ಕರೆಸಿ ತಿಳಿಸಿದರು. ಅವನು ಮೊದಲು ನಂಬಲಿಲ್ಲ.

“ಆ ಮುದುಕಿನಾ? ಪ್ರತಿ ಕ್ರಿಸ್‌ಮಸ್‌ಗೂ ಅವಳ ಮನೆಗೆ ಒಂದು ಪೆಟ್ಟಿಗೆ ವೈನ್ ಕಳಿಸ್ತೀನಿ ನಾನು.”

“ಲಹ್ಸೆನ್ ಬಗ್ಗೆ ನೀವು ಕೊಟ್ಟ ಹೇಳಿಕೆ ಇದು,” ಎಂದು ನಾದೆಜ್ ಕಾಗದವನ್ನು ಅವನ ಮುಂದೆ ತಳ್ಳಿದಳು. “‘ಯಾರು ಮಾಡಿದ್ದು ಅಂತ ನನಗೆ ಗೊತ್ತು’ ಅಂದಿದ್ದೀರಿ. ಗೊತ್ತಿರಲಿಲ್ಲ. ಅದನ್ನು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ. ಹಾಕೋವರೆಗೆ ನನಗೆ ಬೇರೆ ಕೆಲಸ ಇಲ್ಲ.”

ಅವನು ಇಪ್ಪತ್ತು ನಿಮಿಷ ಕೂತಿದ್ದು ಬರೆದ. ಹೋಗುವಾಗ ಬಾಗಿಲನ್ನು ನಿಧಾನವಾಗಿ ಎಳೆದುಕೊಂಡ.

ಆರೋಪಪಟ್ಟಿಯಲ್ಲಿ ‘ಅಪರಾಧದ ಉದ್ದೇಶ’ ಎಂಬ ಸಾಲಿನ ಎದುರು ನಾದೆಜ್ ಮೊದಲು ‘ದ್ವೇಷ’ ಎಂದು ಟೈಪ್ ಮಾಡಿದ್ದಳು. ಅಳಿಸಿ, ‘ಆರೋಪಿಯು ಇಪ್ಪತ್ತಮೂರು ವರ್ಷ ಸಾಕಿದ ಗಿಡಗಳನ್ನು ಕೀಳಿಸುವ ನಿರ್ಧಾರ’ ಎಂದು ಬರೆದಳು. ಮೇಲಧಿಕಾರಿ ಉದ್ದವಾಯಿತೆಂದ. ಅವಳು ತಿದ್ದಲಿಲ್ಲ.

ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿ, ವಯಸ್ಸು ನೋಡಿ ಅಮಾನತಿನಲ್ಲಿಟ್ಟಿತು. ಲಾ ಸೆರ್ ಎಸ್ಟೇಟಿನ ಗಡಿಯೊಳಗೆ ಕಾಲಿಡಬಾರದೆಂದು ಆದೇಶಿಸಿತು. ಆದರೆ ಅದು ಮೇ ತಿಂಗಳ ಮಾತು. ಮಾರ್ಚ್ 4, ಸೋಮವಾರ, ಬೆಳಿಗ್ಗೆ 8ಕ್ಕೆ ಕೀಳುವ ಯಂತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ನಾದೆಜ್ ರಸ್ತೆಯಂಚಿನಲ್ಲಿ ಜೀಪು ನಿಲ್ಲಿಸಿಕೊಂಡು ನೋಡಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಎಕರೆಯೂ ಮುಗಿದಿತ್ತು. ಗಿಡಗಳು ಬೇರು ಮೇಲಾಗಿ ರಾಶಿ ಬಿದ್ದವು. ಅದರ ಬಗ್ಗೆ ಠಾಣೆಗೆ ಯಾರೂ ದೂರು ತರಲಿಲ್ಲ. ತಂದಿದ್ದರೂ ಅವಳು ಬರೆದುಕೊಳ್ಳಲು ಕಾನೂನಿನಲ್ಲಿ ಒಂದು ಕಲಮೂ ಇರಲಿಲ್ಲ.